ವಿಚಾರಣೆ, ಜಬಾಬು, ಎಂಎಲ್‌ಸಿ: ದವಾಖಾನೆಯ ಗೋಡೆಗೆ ಯಾವ ಕನ್ನಡ?

ಬಲ್ಲವರಿಗೆ ನಮಸ್ಕಾರ.

ಬಾಗಲಕೋಟೆಯ ಒಂದು ಆಸ್ಪತ್ರೆಯವರು ತಮ್ಮ ಫಲಕಗಳ ಮತ್ತು ರೋಗಿಗಳ ಕೈಗೆ ಕೊಡುವ ಒಂದು ಮಡಿಕೆ ಹಾಳೆಯ ಕನ್ನಡವನ್ನು ನೋಡಿಕೊಡಿ ಎಂದು ನನ್ನನ್ನು ಕರೆದಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಕೆಂಪು ಶಾಯಿ ಹಿಡಿದವನು ನಾನು. ನಾಲ್ಕು ದೀರ್ಘ, ಎರಡು ಒತ್ತಕ್ಷರ ತಿದ್ದಿ ಊಟದ ಹೊತ್ತಿಗೆ ಮನೆಗೆ ಬರಬಹುದೆಂದು ಹೋದೆ. ಬಾಗಿಲು ದಾಟಿದೊಡನೆ ಎರಡು ಹಲಗೆಗಳು ಕಂಡವು. ಒಂದರ ಮೇಲೆ ‘ಪೊಲೀಸ್’, ಅದಕ್ಕೆ ಅಂಟಿಕೊಂಡಂತೆ ಇನ್ನೊಂದರ ಮೇಲೆ ‘ವಿಚಾರಣೆ’. ಚೀಟಿ ಎಲ್ಲಿ ಮಾಡಿಸಬೇಕೆಂದು ತಿಳಿಯದೆ ಬಂದವರು ಆ ಎರಡನ್ನೂ ಒಟ್ಟಿಗೆ ಓದಿ, ತುಸು ನಿಂತು, ಔಷಧದ ಅಂಗಡಿಯವನನ್ನು ಕೇಳಿಕೊಂಡು ಮುಂದೆ ಹೋಗುತ್ತಿದ್ದರು.

ಈ ‘ವಿಚಾರಣೆ’ಯ ಹೊಟ್ಟೆ ದೊಡ್ಡದು. ಬಸ್ ನಿಲ್ದಾಣದಲ್ಲಿ ಅದು ಜಮಖಂಡಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಕಿಂಡಿ. ನ್ಯಾಯಾಲಯದಲ್ಲಿ ಸಾಕ್ಷಿ, ಪಾಟೀಸವಾಲುಗಳೆಲ್ಲ ನಡೆಯುವ ಘಟ್ಟ. ಠಾಣೆಯಲ್ಲಿ ಅದರ ಅರ್ಥವನ್ನು ಯಾರೂ ಕೇಳುವುದಿಲ್ಲ. ‘ನಿಮ್ಮ ತಾಯಿಯವರನ್ನು ವಿಚಾರಿಸಿದೆನೆಂದು ಹೇಳು’ ಎಂದರೆ ಪ್ರೀತಿ. ‘ಅವನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ’ ಎಂದರೆ ಬೆದರಿಕೆ. ಒಂದು ‘ಕೊಳ್ಳು’ ಎಷ್ಟೆಲ್ಲ ಮಾಡುತ್ತದೆ ನೋಡಿ. ಆ ಹಲಗೆಗೆ ‘ಮಾಹಿತಿ’ ಎಂದು ಬರೆಸಲು ಹೇಳಿದೆ, ಒಪ್ಪಿದರು. ನನ್ನ ಪ್ರಶ್ನೆ ಅದಲ್ಲ.

ಪ್ರಶ್ನೆ ಹುಟ್ಟಿದ್ದು ತುರ್ತು ಚಿಕಿತ್ಸೆಯ ಕೋಣೆಯ ಮುಂದೆ. ಬೀಳಗಿ ಕಡೆಯ ಒಬ್ಬ ಅಜ್ಜಿಯ ಮೊಮ್ಮಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಹವಾಲ್ದಾರರು ಬಂದು, ‘ಹುಡುಗನ ಜಬಾಬು ಬರೆದುಕೊಳ್ಳಬೇಕು’ ಎಂದರು. ಅಜ್ಜಿ ಮಂಚಕ್ಕೆ ಅಡ್ಡ ನಿಂತರು. ‘ಬಿದ್ದವನು ನಮ್ಮ ಹುಡುಗ. ಅವನು ಯಾರಿಗೆ ಏನೆಂದು ಜವಾಬು ಕೊಡಬೇಕು ಸಾಹೇಬರೇ?’ ಹವಾಲ್ದಾರರು ಸಮಾಧಾನದ ಮನುಷ್ಯ, ಸ್ಟೂಲು ಎಳೆದುಕೊಂಡು ಕೂತು ತಿಳಿಸಿ ಹೇಳಿದರು. ಅಷ್ಟರಲ್ಲಿ ಮೈಸೂರು ಕಡೆಯಿಂದ ಬಂದಿದ್ದ ಕಿರಿಯ ವೈದ್ಯರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: ‘ಸರ್, ಜಬಾಬು ಎಂದರೇನು?’

ನಮ್ಮ ಕಡೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಜಬಾಬು ಎನ್ನುವುದು ಹಳೆಯ ರೂಢಿ. ಮರಾಠಿಯಲ್ಲಿಯೂ ಅದೇ ಮಾತು, ಅದೇ ಅರ್ಥ. 1956ರ ನವೆಂಬರ್ 1ರವರೆಗೆ ಬೆಳಗಾವಿ, ವಿಜಯಪುರ ಜಿಲ್ಲೆಗಳು ಮುಂಬೈ ರಾಜ್ಯದಲ್ಲಿದ್ದವು. ಬಾಗಲಕೋಟೆ ಆಗ ಇನ್ನೂ ವಿಜಯಪುರದ ಮಡಿಲಲ್ಲೇ ಇತ್ತು, 1997ರಲ್ಲಿ ಬೇರೆ ಜಿಲ್ಲೆಯಾಯಿತು. ಹೀಗಾಗಿ ಠಾಣೆಯ ಕಾಗದದ ಭಾಷೆ ಮುಂಬೈ ಕಡೆಯದು. ಪಿಎಸ್ಐ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಫೌಜದಾರ. ಮೈಸೂರು ಕಡೆಯವರ ಮಹಜರು ನಮಗೆ ಪಂಚನಾಮೆ. ಆದರೆ ಎಲ್ಲವನ್ನೂ ಮುಂಬೈ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ಆದಿಲಶಾಹಿ ಅರಸರು ಸುಮಾರು ಇನ್ನೂರು ವರ್ಷ ವಿಜಯಪುರದಲ್ಲಿ ಕೂತು ಆಳಿದರು. ಫಾರ್ಸಿ, ಅರಬ್ಬಿ ಮಾತುಗಳು ಬ್ರಿಟಿಷರಿಗಿಂತ ಮೊದಲೇ ನಮ್ಮ ಅಂಗಳದಲ್ಲಿದ್ದವು. ದವಾಖಾನೆಯೂ ಆ ಸಾಲಿನದೇ. ಮಹಜರು ಕೂಡ ಅರಬ್ಬಿಯದು, ನಮ್ಮ ‘ಹಾಜರು’ ಅದರ ಒಡಹುಟ್ಟು: ಎದುರಿಗೆ ಹಾಜರಿದ್ದವರು ಸಹಿ ಮಾಡಿದ ಕಾಗದ.

ಜಬಾಬು ಎಂಬುದು ಮೂಲದಲ್ಲಿ ‘ಜವಾಬು’, ಅಂದರೆ ಉತ್ತರ. ಅಜ್ಜಿ ಪದದ ಬೇರನ್ನು ಸರಿಯಾಗಿಯೇ ಹಿಡಿದಿದ್ದರು. ಉತ್ತರ ಕೊಡಬೇಕಾದವನು ಯಾರು? ಕೇಳಿಸಿಕೊಂಡವನು, ಎಂದರೆ ತಪ್ಪು ಮಾಡಿದವನು. ‘ಜವಾಬ್ದಾರ’ ಎಂಬ ಮಾತಿನಲ್ಲಿಯೂ ಆ ಭಾರವಿದೆ. ಗಾಯಗೊಂಡು ಮಲಗಿದವನಿಗೆ ಈ ಪದ ಹೊರೆಯಾಗುತ್ತದೆ.

ಹಾಗಾದರೆ ಪತ್ರಿಕೆಗಳಲ್ಲಿ ಬರುವ ‘ಹೇಳಿಕೆ’ ಹಾಕಿ ಮುಗಿಸೋಣವೆಂದರೆ, ನಮ್ಮ ಹಳ್ಳಿಗಳಲ್ಲಿ ಹೇಳಿಕೆ ಎಂದರೆ ದೇವರ ಹೇಳಿಕೆ. ಜಾತ್ರೆಯಲ್ಲಿ ಮಳೆ ಬೆಳೆ ಹೇಗಾಗುತ್ತದೆ ಎಂದು ಮೈದುಂಬಿದ ಪೂಜಾರಿ ನುಡಿಯುತ್ತಾನಲ್ಲ, ಅದು. ಪೇಟೆಯವರಿಗೆ ಹೇಳಿಕೆ ಎಂದರೆ ಮಂತ್ರಿಗಳು ಕೊಟ್ಟು ಮರುದಿನ ಹಿಂತೆಗೆದುಕೊಳ್ಳುವಂಥದ್ದು. ಇಷ್ಟಾದರೂ ಜಬಾಬಿಗಿಂತ ಹೇಳಿಕೆ ಮೆದು ಎಂದೇ ನನಗೆ ಅನ್ನಿಸುತ್ತದೆ, ಏಕೆಂದರೆ ಅದರೊಳಗೆ ಇರುವುದು ‘ಹೇಳು’, ‘ಉತ್ತರಿಸು’ ಅಲ್ಲ.

ಗಂಟಲಲ್ಲಿ ನಿಜವಾಗಿ ಸಿಕ್ಕಿಕೊಂಡಿರುವುದು ಇದರ ಅಣ್ಣ, ‘ಮರಣಪೂರ್ವ ಹೇಳಿಕೆ’. ಸುಟ್ಟ ಗಾಯದವರು, ವಿಷ ಸೇವಿಸಿದವರು ಬಂದಾಗ ತಹಶೀಲ್ದಾರರನ್ನು ಕರೆಸುತ್ತಾರೆ. ಅವರು ತಾಲ್ಲೂಕಿನ ಕಾರ್ಯನಿರ್ವಾಹಕ ದಂಡಾಧಿಕಾರಿಗಳೂ ಹೌದು. ರೋಗಿ ಮಾತನಾಡುವ ಸ್ಥಿತಿಯಲ್ಲಿದ್ದಾರೆ ಎಂದು ವೈದ್ಯರು ಬರೆದುಕೊಟ್ಟ ಮೇಲೆ ಹೇಳಿಕೆ ದಾಖಲಿಸುವುದು ವಾಡಿಕೆ. ಮಡಿಕೆ ಹಾಳೆಯ ಕರಡಿನಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ‘ಮರಣಪೂರ್ವ ಹೇಳಿಕೆ ಪಡೆಯಲು ಸಹಕರಿಸಿ’ ಎಂದು ಬರೆದಿದ್ದರು. ಮಗಳ ತಲೆದಿಂಬಿನ ಬಳಿ ಕೂತ ತಾಯಿಗೆ ಈ ಸಾಲನ್ನು ಓದಿಸುವುದು ಹೇಗೆ? ಮಗಳು ಉಸಿರಾಡುತ್ತಿದ್ದಾಳೆ, ಕಾಗದ ಆಗಲೇ ತೀರ್ಪು ಕೊಟ್ಟಿದೆ.

ಕರುಣೆ ಒತ್ತಟ್ಟಿಗಿರಲಿ, ಶಬ್ದಾರ್ಥದ ಲೆಕ್ಕದಲ್ಲಿಯೂ ಇದು ತಪ್ಪು. 1872ರ ಸಾಕ್ಷ್ಯ ಕಾಯ್ದೆಯ 32ನೆಯ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೆಯ ಕಲಮಿಗೆ ಬಂದಿರುವ ನಿಯಮದ ಪ್ರಕಾರ, ಹೇಳುವವನು ಸಾವಿನ ನಿರೀಕ್ಷೆಯಲ್ಲಿಯೇ ಇರಬೇಕೆಂದಿಲ್ಲ. ಆತ ತೀರಿಕೊಂಡರೆ ಮಾತ್ರ ಅವನ ಮಾತು, ತನ್ನ ಸಾವಿನ ಕಾರಣದ ಬಗೆಗಿನ ಸಾಕ್ಷ್ಯವಾಗಿ ಆ ಕಲಮಿನಡಿ ಬರುತ್ತದೆ. ಬದುಕಿದರೆ ಅದು ಮರಣಪೂರ್ವ ಹೇಳಿಕೆಯೇ ಅಲ್ಲ. ಅವನೇ ಬಂದು ಸಾಕ್ಷಿ ಹೇಳಬೇಕು. ಅಂದರೆ ಈ ಹೆಸರು ವಕೀಲರ ಕಡತದಲ್ಲಿ ಮುಂದೊಂದು ದಿನ ಸಲ್ಲಬಹುದಾದದ್ದು. ಬರೆದುಕೊಳ್ಳುವ ಗಳಿಗೆಯಲ್ಲಿ ಅದಕ್ಕೆ ಯಾವ ಹೆಸರು? ನನಗೆ ತೋಚಿದ್ದು, ನಾಮಪದವನ್ನೇ ಬಿಟ್ಟು ಕ್ರಿಯಾಪದಕ್ಕೆ ಮರಳುವುದು: ‘ತಹಶೀಲ್ದಾರರು ಬಂದು ರೋಗಿಯ ಮಾತನ್ನು ಬರೆದುಕೊಳ್ಳುತ್ತಾರೆ.’ ಇಷ್ಟೇ. ಆಡಳಿತದವರಿಗೆ ಇದು ಸಪ್ಪೆ ಎನ್ನಿಸಿದೆ. ‘ಪಾರಿಭಾಷಿಕ ಪದ ಬೇಕು ಸರ್’ ಎನ್ನುತ್ತಾರೆ.

ಎಂಎಲ್‌ಸಿಯ ಕಥೆ ಹಗುರ. ಅಪಘಾತ, ಹೊಡೆದಾಟ, ಸುಟ್ಟ ಗಾಯ, ವಿಷ ಇಂಥವು ಬಂದಾಗ ವೈದ್ಯರು ಎಂಎಲ್‌ಸಿ, ಅಂದರೆ ‘ಮೆಡಿಕೋ ಲೀಗಲ್ ಕೇಸ್’, ಎಂದು ದಾಖಲಿಸಿ ಠಾಣೆಗೆ ತಿಳಿಸುತ್ತಾರೆ. ಚಳಿಗಾಲದ ಅಧಿವೇಶನಕ್ಕೆ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುವ ಎಂಎಲ್‌ಸಿಗಳನ್ನಷ್ಟೇ ಬಲ್ಲ ನಮ್ಮವರಿಗೆ, ‘ಮೊದಲು ಎಂಎಲ್‌ಸಿ ಆಗಬೇಕು’ ಎಂದು ದಾದಿ ಹೇಳಿದರೆ ಏನು ತಿಳಿಯಬೇಕು? ಜನ ಮಾಡಿಕೊಂಡಿರುವ ಅನುವಾದ ‘ಪೊಲೀಸ್ ಕೇಸು’. ಅದು ಭಯದ ಅನುವಾದ. ಎಂಎಲ್‌ಸಿ ಬರೆದ ಮಾತ್ರಕ್ಕೆ ಯಾರ ಮೇಲೂ ಮೊಕದ್ದಮೆ ಹೂಡಿದಂತಾಗುವುದಿಲ್ಲ; ಆದರೂ ‘ಕೇಸು ಬೇಡ’ ಎಂದು ಮನೆಯವರು ರೋಗಿಯನ್ನು ಎಬ್ಬಿಸಿಕೊಂಡು ಹೊರಟದ್ದನ್ನು ನಾನೇ ಕಂಡಿದ್ದೇನೆ. ‘ವೈದ್ಯಕೀಯ ಕಾನೂನು ಪ್ರಕರಣ’ ಎಂಬುದು ಮೂರು ಇಟ್ಟಿಗೆ ಒಂದರ ಮೇಲೊಂದು ಇಟ್ಟಂತಿದೆ. ‘ಠಾಣೆಗೆ ತಿಳಿಸಬೇಕಾದ ಗಾಯ’ ಎನ್ನಬಹುದೇ? ವಿಷ ಗಾಯವಲ್ಲ ಎಂದು ವೈದ್ಯರು ತಕರಾರು ತೆಗೆದರು, ಅದೂ ನಿಜ. ಚಿಕಿತ್ಸೆ ಮೊದಲು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆ ಸಾಲನ್ನು ಮಾತ್ರ ಹಾಳೆಯ ತಲೆಗೇ ಹಾಕಿಸಿದ್ದೇನೆ. ಗಾಯಾಳುವನ್ನು ಕರೆತಂದವರನ್ನು ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ ಎಂಬುದನ್ನೂ ಸೇರಿಸಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಡಿ 2020ರಲ್ಲಿ ಮಾಡಿದ ನಿಯಮಗಳಲ್ಲಿ ಅದು ಇದೆ. ಅಂಥವರಿಗೆ ಕರಡಿನಲ್ಲಿದ್ದ ‘ಗುಡ್ ಸಮಾರಿಟನ್’ ಹೊಡೆದು ‘ಆಪದ್ಬಾಂಧವ’ ಎಂದೆ. ಇದಕ್ಕೆ ಯಾರ ಅಪ್ಪಣೆಯನ್ನೂ ಕೇಳಿಲ್ಲ.

ಇನ್ನು ಪೊಲೀಸರು ಕೂರುವ ಕೋಣೆ. ಅಧಿಕೃತ ಪದ ‘ಹೊರಠಾಣೆ’. ಆಸ್ಪತ್ರೆಯ ಒಳಗೇ ಇರುವುದಕ್ಕೆ ಹೊರಠಾಣೆ ಎಂದರೆ ಜನ ಹೊರಗೆ ಹುಡುಕಲು ಹೋಗುತ್ತಾರೆ ಎಂದು ಕಾವಲುಗಾರನೊಬ್ಬ ಚೇಷ್ಟೆ ಮಾಡಿದ. ‘ಉಪಠಾಣೆ’ ಎಂದೂ ಬರೆಯುತ್ತಾರೆ. ಊರಿನ ಬಾಯಲ್ಲಿ ಅದು ‘ಚೌಕಿ’. ನನ್ನ ಓಟು ಚೌಕಿಗೇ. ಕರಾವಳಿಯ ಗೆಳೆಯರೊಬ್ಬರು ಕೇಳಿ ನಕ್ಕರು. ಅವರಿಗೆ ಚೌಕಿ ಎಂದರೆ ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಜಾಗ.

ವೈದ್ಯರ, ದಾದಿಯರ ಮೇಲಿನ ಹಲ್ಲೆ ತಡೆಯುವ 2009ರ ಕಾಯ್ದೆಯ ಫಲಕದಲ್ಲಿ ನನಗೆ ತಿದ್ದಲು ಏನೂ ಸಿಗಲಿಲ್ಲ. ಹಲ್ಲೆ ಎಲ್ಲರಿಗೂ ತಿಳಿಯುತ್ತದೆ.

ನಾನು ತಿಳಿಯಬಯಸುವುದು ಇಷ್ಟು. ಕಲಬುರಗಿ, ರಾಯಚೂರು ಕಡೆ ಪೊಲೀಸರು ರೋಗಿಯಿಂದ ಬರೆದುಕೊಳ್ಳುವುದಕ್ಕೆ ಜನ ಏನೆನ್ನುತ್ತಾರೆ? ಅಲ್ಲಿ ನಿಜಾಮರ ಕಾಲದ ಬೇರೆಯೇ ಪದ ಉಳಿದಿದೆಯೇ? ಹಳೆ ಮೈಸೂರು, ಕರಾವಳಿಯ ಆಸ್ಪತ್ರೆಗಳಲ್ಲಿ ಎಂಎಲ್‌ಸಿಗೆ ದಾದಿಯರು ಆಡುವ ಕನ್ನಡ ಮಾತು ಇದ್ದರೆ ಅದನ್ನೂ ತಿಳಿಸಿ, ನಿಘಂಟಿನದು ಬೇಡ. ‘ಮರಣಪೂರ್ವ’ ಎಂಬುದನ್ನು ಬಾಯಿಗೆ ತಾರದೆ ಆ ಕೆಲಸ ಮುಗಿಸುವ ತಹಶೀಲ್ದಾರರು, ವೈದ್ಯರು ಇಲ್ಲಿದ್ದರೆ, ನೀವು ಮಂಚದ ಬಳಿ ಆಡುವ ಮೊದಲ ವಾಕ್ಯವನ್ನು ಇದ್ದಂತೆಯೇ ಬರೆದು ಕಳಿಸಿ. ಬಣ್ಣ ಬಳಿಯುವವರು ಸೋಮವಾರ ಬರುತ್ತಾರೆ. ಹಾಳೆ ಅಚ್ಚಿಗೆ ಹೋಗುವುದು ಅದರ ಮರುದಿನ.