ಹಾರ್ಡ್ ಡಿಸ್ಕಿನ ವಿದ್ಯುತ್ ಕನೆಕ್ಟರುಗಳು: ‘ಪಿನ್ನು’ ಸಾಕೆ, ‘ಪಟ್ಟಿ’ ಬೇಕೆ?

ಮಾನ್ಯರೆ,

ಕಂಪ್ಯೂಟರ್ ರಿಪೇರಿ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡುವ ಕನೆಕ್ಟರುಗಳ ಅಧ್ಯಾಯದಲ್ಲಿ ಕೆಲವು ಪದಗಳು ತೊಡಕಾಗಿವೆ. ಬಲ್ಲವರು ನೆರವಾಗಬೇಕೆಂದು ಕೋರುತ್ತೇನೆ.

ಹಳೆಯ ಐಡಿಇ ಬಗೆಯ ಡಿಸ್ಕಿಗೆ ಹಾಕುವ, ಒಂದು ಹಳದಿ (12 ವೋಲ್ಟ್), ಒಂದು ಕೆಂಪು (5 ವೋಲ್ಟ್), ನಡುವೆ ಎರಡು ಕಪ್ಪು ತಂತಿಗಳಿರುವ ಕನೆಕ್ಟರನ್ನು ಎಲ್ಲರೂ ‘ಮೊಲೆಕ್ಸ್’ ಎನ್ನುತ್ತಾರೆ. ಅದು ಕಂಪನಿಯ ಹೆಸರು. ಡಿಸ್ಕುಗಳಲ್ಲಿ ನೆಲೆಯಾದ ಈ ಮಾದರಿ ಎಎಂಪಿ ಎಂಬ ಬೇರೊಂದು ಕಂಪನಿಯ ‘ಮೇಟ್-ಎನ್-ಲಾಕ್’ ಬಳಗದ್ದು. ಆದರೂ ಕಲಿತವನು ನಾಳೆ ಅಂಗಡಿಗೆ ಹೋಗಿ ಕೇಳಬೇಕಾದದ್ದು ‘ಮೊಲೆಕ್ಸ್’ ಎಂದೇ ಆದ್ದರಿಂದ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಇದರಲ್ಲಿ ನಿಜವಾದ ತೊಡಕು, ಒಳಹೋಗುವ ಬದಿಯನ್ನು ‘ಗಂಡು’, ಒಳಗೊಳ್ಳುವ ಬದಿಯನ್ನು ‘ಹೆಣ್ಣು’ ಎನ್ನುವ ವಾಡಿಕೆಯದು. ಕೇಬಲ್ಲಿನ ತುದಿಯಲ್ಲಿರುವ ಪ್ಲಾಸ್ಟಿಕ್ ಕವಚ ಡಿಸ್ಕಿನ ಗೂಡಿನೊಳಗೆ ಹೋಗುತ್ತದೆ, ಆದರೆ ಲೋಹದ ಪಿನ್ನುಗಳು ಡಿಸ್ಕಿನ ಕಡೆಯಿಂದ ಹೊರಟು ಕೇಬಲ್ಲಿನ ತೂತುಗಳನ್ನು ಹೊಗುತ್ತವೆ. ಹೀಗಾಗಿ ಕವಚವನ್ನು ನೋಡಿದವರು ಒಂದು ಹೇಳಿದರೆ ಪಿನ್ನನ್ನು ನೋಡಿದವರು ಅದಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತಾರೆ. ‘ಪಿನ್ನಿನ ಬದಿ’, ‘ತೂತಿನ ಬದಿ’ ಎಂದು ಬರೆದರೆ ಗೊಂದಲವಿರದು ಎಂಬುದು ನನ್ನ ಅನಿಸಿಕೆ.

ನನ್ನ ಮುಖ್ಯ ಪ್ರಶ್ನೆ ಐಡಿಇಯ ನಂತರ ಬಂದ ಸಾಟಾ ಬಗೆಯ ಡಿಸ್ಕಿನ ವಿದ್ಯುತ್ ಕನೆಕ್ಟರಿನದು. ಪುಸ್ತಕಗಳಲ್ಲಿ ಅದನ್ನು ‘15 ಪಿನ್ನಿನ ಕನೆಕ್ಟರ್’ ಎಂದು ಬರೆಯುವುದುಂಟು, ಆದರೆ ಡಿಸ್ಕನ್ನು ಕೈಯಲ್ಲಿ ಹಿಡಿದು ನೋಡಿದರೆ ಪಿನ್ನು ಎನ್ನಬಹುದಾದದ್ದು ಒಂದೂ ಕಾಣುವುದಿಲ್ಲ. ತೆಳುವಾದ ಪ್ಲಾಸ್ಟಿಕ್ ನಾಲಿಗೆಯ ಮೇಲೆ ಒತ್ತೊತ್ತಾಗಿ ಕೂರಿಸಿದ, ಚಿನ್ನದ ಬಣ್ಣದ 15 ಚಪ್ಪಟೆ ಪಟ್ಟಿಗಳಿವೆ; ಮೂರು ಮೂರರ ಐದು ಗುಂಪುಗಳಾಗಿ ಅವು ಕ್ರಮವಾಗಿ 3.3 ವೋಲ್ಟ್, ಗ್ರೌಂಡ್ (ವಿದ್ಯುತ್ ಮರಳುವ ದಾರಿ), 5 ವೋಲ್ಟ್, ಗ್ರೌಂಡ್, 12 ವೋಲ್ಟ್ ಎಂದು ನಿಗದಿಯಾಗಿವೆ. ಪದ ಸಡಿಲವಾದರೆ ಏನಾಗುತ್ತದೆಂಬುದನ್ನು ನಾನೇ ಕಂಡೆ. 2016ರ ಸಾಟಾ 3.3 ಆವೃತ್ತಿಯಲ್ಲಿ ಮೂರನೆಯ ಪಟ್ಟಿಗೆ ಹೊಸ ಕೆಲಸ ಬಂತು: ಈ ಸೌಲಭ್ಯವಿರುವ ಡಿಸ್ಕಿನಲ್ಲಿ ಅಲ್ಲಿಗೆ ವೋಲ್ಟೇಜ್ ಬರುತ್ತಿರುವವರೆಗೆ ಡಿಸ್ಕು ತಿರುಗದು. ಹಳೆಯ ಪವರ್ ಸಪ್ಲೈ ಅಲ್ಲಿ 3.3 ವೋಲ್ಟ್ ಕೊಡುವುದರಿಂದ, ಅಂಥ ಡಿಸ್ಕನ್ನು ಅದಕ್ಕೆ ಜೋಡಿಸಿದರೆ ಕೆಟ್ಟುಹೋದಂತೆ ಸುಮ್ಮನಿರುತ್ತದೆ. ಆ ವೋಲ್ಟೇಜ್ ಡಿಸ್ಕನ್ನು ತಲುಪದಂತೆ ಮಾಡಲು, ನನ್ನ ಬಳಿ ಕಲಿಯುವ ಒಬ್ಬನಿಗೆ ‘ಮೂರನೇ ಪಿನ್ನಿಗೆ ಶಾಖ ತಡೆಯುವ ಟೇಪು ಅಂಟಿಸು’ ಎಂದೆ. ಅವನು ಸೂಜಿಯಂಥದ್ದನ್ನು ಹುಡುಕುತ್ತ, ಪಕ್ಕದಲ್ಲಿದ್ದ ಜಂಪರ್ ಪಿನ್ನುಗಳನ್ನು (ಡಿಸ್ಕಿನ ಸೆಟ್ಟಿಂಗ್ ಬದಲಿಸಲು ಇರುವ ಪುಟ್ಟ ಪಿನ್ನುಗಳನ್ನು) ಎಣಿಸಿ ಅಲ್ಲಿ ಅಂಟಿಸಿದ. ತಪ್ಪು ಅವನದಲ್ಲ, ನಾನು ಆಡಿದ ಮಾತಿನದು.

ಆದ್ದರಿಂದ ಮೊಲೆಕ್ಸಿಗೆ ‘ಪಿನ್ನು’, ಸಾಟಾಕ್ಕೆ ‘ಪಟ್ಟಿ’ ಎಂದು ಬೇರೆ ಬೇರೆಯಾಗಿ ಬಳಸಬಹುದೆ? ‘ಪಟ್ಟಿ’ ಎಂದರೆ ಯಾದಿ ಎಂಬ ಅರ್ಥವೂ ಇರುವುದರಿಂದ ‘ಲೋಹಪಟ್ಟಿ’ ಎನ್ನುವುದು ಮೇಲೋ, ಇಲ್ಲವೆ ಎರಡಕ್ಕೂ ಹೊಂದುವ ಬೇರೆ ಪದ ರಿಪೇರಿಯವರ ಬಾಯಲ್ಲಿದೆಯೋ?

ಇನ್ನೊಂದು ಮಾತು. ಸಾಟಾ ಕನೆಕ್ಟರನ್ನು ತಿರುಗುಮುರುಗಾಗಿ ಹಾಕದಂತೆ ತಡೆಯುವ ತುದಿಯ ಬಾಗನ್ನು ಎಲ್ಲೆಡೆ ‘ಎಲ್ ಆಕಾರ’ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರದ ಹಂಗಿಲ್ಲದೆ ‘ಮೂಲೆಮಟ್ಟದ ಆಕಾರ’ ಎಂದು ಬರೆದಿದ್ದೇನೆ. ಮರಗೆಲಸ, ಗಾರೆಕೆಲಸದವರ ಆ ಉಪಕರಣಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆಂದು ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರವಾದೀತು.