ಫಾರ್ಮ್ ಟ್ಯಾಪ್ ಮೂರನೇ ತೂತಿಗೇ ಮುರಿಯಿತು, ತಪ್ಪು ಎಲ್ಲಿ?

ಪ್ರಶ್ನೆ (ಪೀಣ್ಯದಿಂದ): ನಮ್ಮದು ಚಿಕ್ಕ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್) ಶಾಪ್. 6061 ಅಲ್ಯೂಮಿನಿಯಂ ಪ್ಲೇಟಿನಲ್ಲಿ ಎಂ6 (6 ಎಂಎಂ ಸ್ಕ್ರೂ) ಬ್ಲೈಂಡ್ ಹೋಲ್ (ಆಚೆ ಬದಿಗೆ ತೂರದ ತೂತು) ಇದೆ. ಮಾಮೂಲಿ ಟ್ಯಾಪ್‌ನಲ್ಲಿ (ತೂತಿನೊಳಗೆ ಸ್ಕ್ರೂ ಥ್ರೆಡ್ ಕತ್ತರಿಸುವ ಟೂಲ್) ಚಿಪ್ಸ್ ತಳದಲ್ಲಿ ತುಂಬಿಕೊಂಡು ಕಾಟ ಕೊಡುತ್ತಿತ್ತು. ಚಿಪ್ಸೇ ಬರಲ್ಲ ಅಂತ ಫಾರ್ಮ್ ಟ್ಯಾಪ್ ತಂದೆವು. ಮೂರನೇ ತೂತಿನಲ್ಲಿ ಕಟಕ್ ಅಂತು. ಸ್ಪೀಡ್ ಬಿಟ್ಟರೆ ಪ್ರೋಗ್ರಾಂ ಬದಲಿಸಿಲ್ಲ, ಟ್ಯಾಪ್ ಮಾತ್ರ ಬದಲು. ಮುರಿಯಬಾರದು ಅಂತ ಸ್ಪೀಡ್ ಕೂಡ 300 ಆರ್‌ಪಿಎಂಗೆ ಇಳಿಸಿದ್ದೆವು. ಟ್ಯಾಪೇ ಕಳಪೆಯಾ?

ಉತ್ತರ: "ಪ್ರೋಗ್ರಾಂ ಬದಲಿಸಿಲ್ಲ" ಅಂದಿರಲ್ಲ, ಅಂದರೆ ಡ್ರಿಲ್ ಇನ್ನೂ 5 ಎಂಎಂ ಇದೆ ಅಲ್ವಾ? ಹಾಗಿದ್ದರೆ ಟ್ಯಾಪನ್ನು ಬೈಯಬೇಡಿ. ಮೂರನೇ ತೂತಿನವರೆಗೆ ತಾಳಿದ್ದೇ ಹೆಚ್ಚು.

ಮುದ್ದೆಯಲ್ಲಿ ಸಾರಿಗೆ ಗುಳಿ ಮಾಡುವುದನ್ನು ನೆನಪಿಸಿಕೊಳ್ಳಿ. ಬೆರಳು ಒತ್ತಿದರೆ ಹಿಟ್ಟು ಎಲ್ಲೂ ಮಾಯವಾಗಲ್ಲ, ಪಕ್ಕಕ್ಕೆ ಸರಿದು ಅಂಚಿನಲ್ಲಿ ಏಳುತ್ತದೆ. ಫಾರ್ಮ್ ಟ್ಯಾಪ್ ಮಾಡುವುದೂ ಅದನ್ನೇ. ಲೋಹವನ್ನು ಕತ್ತರಿಸಲ್ಲ, ಒತ್ತುತ್ತದೆ. ಹಾಗೆ ಒತ್ತಿದ ಲೋಹ ಟ್ಯಾಪಿನ ಹಲ್ಲುಗಳ ನಡುವೆ ಒಳಮುಖವಾಗಿ ಏಳಬೇಕು. ಅದಕ್ಕೆ ಜಾಗ ಬೇಕು. 5 ಎಂಎಂ ತೂತಿನಲ್ಲಿ ಆ ಜಾಗವೇ ಇಲ್ಲ. ಲೋಹ ಟ್ಯಾಪನ್ನು ಸುತ್ತಲಿಂದ ಹಿಡಿದುಕೊಳ್ಳುತ್ತದೆ, ಮುರಿಯುತ್ತದೆ.

ಕತ್ತರಿಸುವ ಟ್ಯಾಪಿಗೆ ವ್ಯಾಸದಿಂದ ಒಂದು ಪಿಚ್ (ಪಕ್ಕಪಕ್ಕದ ಎರಡು ಥ್ರೆಡ್ ನಡುವಿನ ಅಂತರ) ಕಳೆಯುತ್ತೀರಿ. ಇಲ್ಲಿ ಸುಮಾರು ಅರ್ಧ ಪಿಚ್, ಅದಕ್ಕಿಂತ ತುಸು ಕಡಿಮೆಯೇ ಕಳೆಯಬೇಕು. ಎಂ6ಗೆ 5.55 ಎಂಎಂ. ಎಂ8ಗೆ 6.8 ಅಲ್ಲ, 7.4. ಎಂ5ಗೆ 4.2 ಅಲ್ಲ, 4.65.

ತೂತು 0.05 ಎಂಎಂ ದೊಡ್ಡದಾದರೆ ಥ್ರೆಡ್ಡಿನ ಒಳವ್ಯಾಸ ಸುಮಾರು ಅದರ ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದ ಡ್ರಿಲ್ ರನ್‌ಔಟ್ (ತಿರುಗುವಾಗ ಓಲಾಡುವುದು) ನೋಡಿ, ಮೊಂಡಾದ ಡ್ರಿಲ್ ಬೇಡ. ಸ್ಟೇನ್‌ಲೆಸ್ 304 ಮಾಡುವವರಿಗಂತೂ ಇದು ಇನ್ನೂ ಮುಖ್ಯ. ಮೊಂಡು ಡ್ರಿಲ್ ಉಜ್ಜಿ ಉಜ್ಜಿ ತೂತಿನ ಗೋಡೆಯನ್ನೇ ಗಟ್ಟಿ ಮಾಡಿಬಿಡುತ್ತದೆ, ಆಮೇಲೆ ಒತ್ತುವುದು ಯಾರು?

ನಿಧಾನ ಓಡಿಸಿದರೆ ಸೇಫ್ ಅನ್ನುವುದೂ ಇಲ್ಲಿ ನಡೆಯಲ್ಲ. ರಿಜಿಡ್ ಟ್ಯಾಪಿಂಗ್ (ಸ್ಪಿಂಡಲ್ ತಿರುಗುವುದಕ್ಕೂ ಟ್ಯಾಪ್ ಇಳಿಯುವುದಕ್ಕೂ ಮೆಷಿನ್ನೇ ತಾಳೆ ಹಾಕುವುದು) ಇದ್ದರೆ 1000 ಆರ್‌ಪಿಎಂ ಆಸುಪಾಸು ಇಡಿ. ಕೂಲೆಂಟ್ ತೆಳ್ಳಗಿದ್ದರೆ ಗಟ್ಟಿ ಮಾಡಿ, ನೀರಿನಲ್ಲಿ ಎಣ್ಣೆ ಶೇ. 10ರ ಹತ್ತಿರ. ಇಲ್ಲಿ ಕೂಲೆಂಟಿನ ಕೆಲಸ ತಂಪು ಮಾಡುವುದಕ್ಕಿಂತ ಜಾರಿಸುವುದು. ಬ್ಲೈಂಡ್ ಹೋಲಿಗೆ ಎಣ್ಣೆ ತೋಡು (ಟ್ಯಾಪಿನ ಮೈಮೇಲೆ ಎಣ್ಣೆ ಹರಿಯುವ ಸಣ್ಣ ಕಾಲುವೆ) ಇರುವ ಟ್ಯಾಪನ್ನೇ ಕೇಳಿ. ಇಲ್ಲದಿದ್ದರೆ ತಳದಲ್ಲಿ ಸಿಕ್ಕಿಕೊಂಡ ಎಣ್ಣೆಗೆ ಮೇಲೆ ಬರಲು ದಾರಿ ಇರಲ್ಲ. ತೂತಿನ ಬಾಯಿಗೆ ಚ್ಯಾಂಫರ್ (ಅಂಚಿಗೆ ಇಳಿಜಾರು) ಕೊಡಿ, ಅಲ್ಲೂ ಲೋಹ ಉಬ್ಬುತ್ತದೆ.

ಪ್ರಶ್ನೆ (ಇನ್ನೊಬ್ಬರು): ನಾವು ಫಾರ್ಮ್ ಟ್ಯಾಪ್ ಬಳಸುತ್ತಿದ್ದೇವೆ, ಥ್ರೆಡ್ ಚೆನ್ನಾಗಿದೆ. ಆದರೆ ಇನ್‌ಸ್ಪೆಕ್ಷನ್‌ನವರು ಥ್ರೆಡ್ಡಿನ ತುದಿ ಸೀಳಿದೆ ಅಂತ ರಿಜೆಕ್ಟ್ ಮಾಡುತ್ತಿದ್ದಾರೆ.

ಉತ್ತರ: ಅದು ಸೀಳಲ್ಲ. ಎರಡು ಬದಿಯಿಂದ ಎದ್ದ ಲೋಹ ನಡುವೆ ಪೂರ್ತಿ ಸೇರದೆ ಉಳಿಯುವ ತೋಡು. ಫಾರ್ಮ್ ಥ್ರೆಡ್ಡಿನ ಗುರುತೇ ಅದು. ಅದನ್ನು ಮುಚ್ಚಲು ಹೋಗಿ ತೂತು ಚಿಕ್ಕದು ಮಾಡಬೇಡಿ, ಟ್ಯಾಪ್ ಹೋಗುತ್ತದೆ. ಗೋ-ನೋಗೋ ಗೇಜ್ (ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು) ಹಾಕಿ, ಒಳವ್ಯಾಸವನ್ನು ಪಿನ್‌ನಲ್ಲಿ ಅಳೆಯಿರಿ. ಎಂ6ನಲ್ಲಿ 4.917ರಿಂದ 5.153 ಎಂಎಂ ಒಳಗೆ ಬಂದರೆ 6ಎಚ್ (ಒಳಥ್ರೆಡ್ಡಿನ ಮಾಮೂಲಿ ಟಾಲರೆನ್ಸ್; 7ಎಚ್ ಅದಕ್ಕಿಂತ ಸಡಿಲ) ಪಾಸ್. ಫಾರ್ಮ್ ಥ್ರೆಡ್ಡಿನ ಒಳವ್ಯಾಸಕ್ಕೆ 7ಎಚ್ ಲೆಕ್ಕದಲ್ಲಿ 5.217ವರೆಗೂ ಒಪ್ಪುವ ರೂಢಿ ಇದೆ, ಆದರೆ ಗಿರಾಕಿಯನ್ನು ಮೊದಲೇ ಕೇಳಿ. ಆಹಾರದ ಮೆಷಿನ್, ವೈದ್ಯಕೀಯ ಭಾಗ ಆದರೆ ಮಾತ್ರ ಇನ್‌ಸ್ಪೆಕ್ಷನ್‌ನವರ ಮಾತು ಸರಿ. ಆ ತೋಡಿನಲ್ಲಿ ಕೊಳೆ ಕೂರುತ್ತದೆ.

ಪ್ರಶ್ನೆ (ಬೆಳಗಾವಿಯಿಂದ): ಎರಕದ ಕಬ್ಬಿಣಕ್ಕೆ ಆಗುತ್ತಾ? ನಮ್ಮ ಕಡೆ ಎಲ್ಲಾ ಕಾಸ್ಟಿಂಗೇ.

ಉತ್ತರ: ಗ್ರೇ ಐರನ್‌ಗೆ (ಮಾಮೂಲಿ ಎರಕದ ಕಬ್ಬಿಣ) ಬೇಡ. ಅದು ಒತ್ತಿದರೆ ಪಕ್ಕಕ್ಕೆ ಸರಿಯಲ್ಲ, ಉದುರುತ್ತದೆ. ಸೀಸ ಜಾಸ್ತಿ ಇರುವ ಫ್ರೀ ಕಟಿಂಗ್ ಹಿತ್ತಾಳೆಯೂ ಹಾಗೇ. ಡ್ರಿಲ್ ಮಾಡುವಾಗ ಉದ್ದದ ಸುರುಳಿ ಬಂದರೆ ಆಸೆ ಇಟ್ಟುಕೊಳ್ಳಿ, ಪುಡಿ ಬಂದರೆ ಹಳೆಯ ಟ್ಯಾಪೇ ಸರಿ.

ಮೊದಲು ಕೇಳಿದವರು: ಹೌದು ಸಾರ್, ಡ್ರಿಲ್ 5 ಎಂಎಂನೇ ಇತ್ತು! 5.55 ಆರ್ಡರ್ ಹಾಕಿದೆ. ಒಳಗೆ ಮುರಿದು ಕೂತಿರುವ ತುಂಡನ್ನು ಎಕ್ಸ್‌ಟ್ರ್ಯಾಕ್ಟರ್ ಹಾಕಿ ತೆಗೆಯಲೇ?

ಉತ್ತರ: ಎಕ್ಸ್‌ಟ್ರ್ಯಾಕ್ಟರಿನ ಬೆರಳು ಫ್ಲೂಟಿನೊಳಗೆ (ಕತ್ತರಿಸುವ ಟ್ಯಾಪಿನಲ್ಲಿ ಚಿಪ್ಸ್ ಹೋಗುವ ಆಳದ ತೋಡು) ಇಳಿಯಬೇಕು. ಇದರಲ್ಲಿ ಫ್ಲೂಟೇ ಇಲ್ಲ, ಎಣ್ಣೆ ತೋಡಿಗೆ ಅದು ಹಿಡಿಯಲ್ಲ. ಸುಮ್ನೆ ಬಡಿದು ಪ್ಲೇಟ್ ಹಾಳು ಮಾಡಬೇಡಿ. ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವುದು) ಮಾಡುವವರ ಹತ್ತಿರ ಕಳಿಸಿ.