ಆ ಕಾಲದಲ್ಲಿ ನಮ್ಮ ಕಡೆ ಮಠದಲ್ಲಿ ಆಸ್ಪತ್ರೆ ಇತ್ತಾ?

ಅಡಿಕೆತೋಟ:
ಸ್ಕಾಟ್ಲೆಂಡಿನ ಸೌಟ್ರಾ ಗುಡ್ಡದ ಮೇಲಿದ್ದ ಹಳೇ ಆಸ್ಪತ್ರೆ ಬಗ್ಗೆ ಓದುತ್ತಿದ್ದೆ. ಸುಮಾರು 1164ರಲ್ಲಿ ದೊರೆ ನಾಲ್ಕನೇ ಮಾಲ್ಕಮ್ ಮಾಡಿಸಿದ್ದು, ನೋಡಿಕೊಂಡವರು ಅಗಸ್ಟೀನ್ ಪಂಥದ ಸನ್ಯಾಸಿಗಳು. ಎಡಿನ್‌ಬರೋದಿಂದ ದಕ್ಷಿಣಕ್ಕೆ ಹೋಗುವ ದಾರಿ ಬದಿಯಲ್ಲೇ ಇತ್ತು, ಹಾಗಾಗಿ ಯಾತ್ರಿಕರು, ಬಡವರು, ಕಾಯಿಲೆಯವರು ಎಲ್ಲ ಅಲ್ಲಿಗೇ. ಅದೇ ಹೊತ್ತಲ್ಲಿ ನಮ್ಮ ಮಲೆನಾಡಲ್ಲಿ ಜ್ವರ ಬಂದು ಬಿದ್ದ ದಾರಿಹೋಕನ ಗತಿ ಏನು? ನಾಟಿ ವೈದ್ಯರನ್ನು ಬಿಟ್ಟು ಬೇರೆ ಏನಾದರೂ ಇತ್ತಾ?

ಶಿಕಾರಿಪುರದವ:
ಇತ್ತು ಮಾರಾಯ್ರೆ. ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿ ಕೇದಾರೇಶ್ವರ ದೇವಸ್ಥಾನ ನೋಡಿದ್ದೀರಲ್ವಾ? ಅಲ್ಲೇ ಇದ್ದಿದ್ದು ಕೋಡಿಮಠ, ಕಾಳಾಮುಖ ಶೈವ ಯತಿಗಳದ್ದು. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಇದೆ, ನಿಮ್ಮ ಸೌಟ್ರಾಗಿಂತ ಎರಡು ವರ್ಷ ಮುಂಚೆ. ಮಠ ಅದಕ್ಕೂ ಹಳೆಯದು. ಅಲ್ಲಿ ಏನೇನು ನಡೆಯುತ್ತಿತ್ತು ಅಂತ ಶಾಸನ ಉಸಿರು ಬಿಡದೆ ಹೇಳುತ್ತದೆ: ವೇದ, ಪಾಣಿನಿ ವ್ಯಾಕರಣ, ಕೊನೆಗೆ ಬೌದ್ಧ ದರ್ಶನ ಕೂಡ ಪಾಠ, ಕುಂಟರು ಕುರುಡರು ಕಿವುಡರು, ಹಾಡುವವರು, ಕೊಳಲೂದುವವರು, ಕುಣಿಯುವವರು, ಜೈನ ಕ್ಷಪಣಕರು, ಬಂದವರಿಗೆಲ್ಲ ಊಟ. ಆಮೇಲೆ ಬರುತ್ತದೆ ನಿಮಗೆ ಬೇಕಾದ ಮಾತು, ‘ನಾನಾನಾಥ ರೋಗಿಜನ ರೋಗ ಭೈಷಜ್ಯ ಸ್ಥಾನ’. ಭೈಷಜ್ಯ ಅಂದರೆ ಮದ್ದು. ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಸಿಗುವ ಜಾಗ.
ನನಗೆ ಜಾಸ್ತಿ ಇಷ್ಟ ಆಗೋದು ಶೈವ ಮಠದಲ್ಲಿ ಜೈನ ಸನ್ಯಾಸಿಗೂ ಎಲೆ ಹಾಕುತ್ತಿದ್ದರು ಅನ್ನೋದು.

ಹಳೇ ಮೇಷ್ಟ್ರು:
ಸ್ವಲ್ಪ ತಡೀರಿ. ದತ್ತಿ ಶಾಸನ ಅಂದ ಮೇಲೆ ಹೊಗಳಿಕೆ ಇದ್ದೇ ಇರುತ್ತದೆ. ಮದ್ದಿನ ವಿಷಯಕ್ಕೆ ಸಿಕ್ಕಿದ್ದು ಒಂದೇ ಒಂದು ಮಾತು. ಸೌಟ್ರಾದಲ್ಲಿ ಹಾಗಲ್ಲ, 1980ರ ದಶಕದಿಂದ ಪುರಾತತ್ವ ಸಂಶೋಧಕ ಬ್ರಯನ್ ಮೊಫಾಟ್ ಮತ್ತು ಅವರ ತಂಡ ಮಣ್ಣನ್ನೇ ಕೆದಕಿ ನೋಡಿದ್ದಾರೆ. ಖುರಾಸಾನಿ ಓಮ (ಅಡುಗೆಯ ಓಮ ಅಲ್ಲ, ಮತ್ತು ಬರಿಸುವ ಗಿಡ), ಹೆಮ್ಲಾಕ್ ಅನ್ನೋ ವಿಷದ ಗಿಡ, ಅಫೀಮಿನ ಗಸಗಸೆ, ಇವುಗಳ ಬೀಜ ಸಿಕ್ಕಿವೆ. ಕೈಕಾಲು ಕತ್ತರಿಸುವ ಮೊದಲು ಮಂಪರು ಬರಿಸಲು ಕೊಡುತ್ತಿದ್ದರು ಅನ್ನೋದು ಅವರ ವಾದ. ಬಳ್ಳಿಗಾವಿಯಲ್ಲಿ ನಾವು ಕಲ್ಲು ಓದಿ ಸುಮ್ನೆ ಕೂತಿದ್ದೇವೆ.
ಅಂದ ಹಾಗೆ ಸೌಟ್ರಾ ಹಾಳಾಗಿದ್ದು ದುಡ್ಡಿನಿಂದ. 1460ರ ದಶಕದಲ್ಲಿ ಅದರ ಆದಾಯವನ್ನೆಲ್ಲ ಎಡಿನ್‌ಬರೋದ ಟ್ರಿನಿಟಿ ಆಸ್ಪತ್ರೆಗೆ ತಿರುಗಿಸಿದರು. ಈಗ ಗುಡ್ಡದ ಮೇಲೆ ಒಂದು ಪುಟ್ಟ ಕಲ್ಲಿನ ಕಟ್ಟಡ ಉಳಿದಿದೆ, ಅಷ್ಟೇ.

ಅಡಿಕೆತೋಟ:
ಇಬ್ಬರಿಗೂ ಥ್ಯಾಂಕ್ಸ್. ಕೇದಾರೇಶ್ವರಕ್ಕೆ ಚಿಕ್ಕವನಿದ್ದಾಗ ಸ್ಕೂಲ್ ಟ್ರಿಪ್ಪಲ್ಲಿ ಹೋಗಿದ್ದೆ, ಶಾಸನದ ಕಲ್ಲಿಗೆ ಒರಗಿ ಪುಳಿಯೋಗರೆ ತಿಂದಿದ್ದಷ್ಟೇ ನೆನಪು! ಮುಂದಿನ ಭಾನುವಾರ ಶಿರಾಳಕೊಪ್ಪದಲ್ಲಿ ಒಂದು ಮದುವೆ ಇದೆ. ಮೇಷ್ಟ್ರೇ, ಮಧ್ಯಾಹ್ನ ಬಿಡುವಿದ್ದರೆ ಬರ್ತೀರಾ? ನನಗೆ ಹಳಗನ್ನಡ ಲಿಪಿ ಒಂದಕ್ಷರ ಬರಲ್ಲ.